ನೆತ್ತಿಯ ಸುಳಿ

ಅಗುಳಿ ಸರಿದ ಸದ್ದು. ಮರಕ್ಕೆ ಮರ ಉಜ್ಜಿ, ಕೊನೆಗೊಂದು 'ಟಕ್'.

ಅಮ್ಮನೂ ವಸುಮತಿಯೂ ಮಲಗಿದ ಮೇಲೆ ಅತ್ತಿಗೆ ಈಶ್ವರಿ ಎದ್ದು ಹೊರಬಾಗಿಲ ಅಗುಳಿ ತೆಗೆದಿಟ್ಟು ಬರುತ್ತಾಳೆ. ಬೆಳಕು ಹರಿಯುವ ಮೊದಲು ತಾನೇ ಮತ್ತೆ ಹಾಕುತ್ತಾಳೆ. ಸುಬ್ರಹ್ಮಣ್ಯಕ್ಕೆ ಹೋಗಿ ಬರುತ್ತೇನೆಂದು ಹೊರಟ ಅಣ್ಣ ಗೌರೀಶಂಕರ ಹಿಂದಿರುಗದ ದಿನದಿಂದ ಇದು ತಪ್ಪಿಲ್ಲ. ಬಂದವನು ಬಾಗಿಲು ತಟ್ಟಲು ನಾಚಿ ಹಾಗೆಯೇ ಹೊರಟುಹೋದರೆ ಎಂಬ ಹೆದರಿಕೆ ಅವಳಿಗೆ. ಇದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಾಳೆ. ನಾದಿನಿ ವಸುಮತಿಗೆ ಗೊತ್ತು. ಆ ಸದ್ದು ಕೇಳಿಸುವವರೆಗೆ ಅವಳಿಗೆ ನಿದ್ದೆ ಹತ್ತುವುದಿಲ್ಲ. ಕೇಳಿಸಿದ ಮೇಲೂ ಹತ್ತುವುದಿಲ್ಲ.

ಬರುವ ತಿಂಗಳಿಗೆ ಹನ್ನೆರಡು ವರ್ಷ ತುಂಬುತ್ತದೆ. ಅಷ್ಟು ಕಾಲ ಸುದ್ದಿಯಿಲ್ಲದವನನ್ನು ಸತ್ತನೆಂದೇ ಎಣಿಸಿ, ದರ್ಭೆಯಲ್ಲಿ ಆಳಿನ ರೂಪ ಮಾಡಿ ಸುಟ್ಟು, ಉತ್ತರಕ್ರಿಯೆ ಮುಗಿಸಬೇಕೆಂದು ಮಹಾಗಣಪತಿ ಮಾವ ದಿನ ನೋಡಿ ಹೋಗಿದ್ದರು. ಆ ದಿನ ಅತ್ತಿಗೆಯ ಕುಂಕುಮವೂ ಕರಿಮಣಿಯೂ ಹೋಗುತ್ತವೆ. ದಿನ ಕೇಳಿ ಅತ್ತಿಗೆ "ಆಗ್ಲಿ ಮಾವ" ಎಂದಷ್ಟೇ ಹೇಳಿ ಕೊಟ್ಟಿಗೆಗೆ ಹೋಗಿದ್ದಳು. ರಾತ್ರಿ ಅಗುಳಿಯ ಸದ್ದು ಮಾತ್ರ ಎಂದಿನಂತೆ ಕೇಳಿತ್ತು.

ವಸುಮತಿ ಬಲೂನು ಏರಬೇಕಾದ ಬೆಳಿಗ್ಗೆ ಕಾಫಿ ಕೊಡುವಾಗ ಅತ್ತಿಗೆ ನಗುತ್ತಿದ್ದಳು. "ಹೆದರಿಕೆ ಉಂಟಾ?"

"ಇಲ್ಲ ಅತ್ತಿಗೆ."

"ನೋಡು ವಸು, ಮೇಲಿಂದ ಎಂತೆಲ್ಲ ಕಾಣ್ತದೆ, ಎಲ್ಲ ಬಂದು ಹೇಳ್ಬೇಕು. ಒಂದೂ ಬಿಡ್ಲಿಕ್ಕಿಲ್ಲ."

ಆ ವರ್ಷ ಗುತ್ತಿಗಾರಿನ ಆಚೆಯ ಕಾಡಿನಲ್ಲಿ ಬಿದಿರೆಲ್ಲ ಒಟ್ಟಿಗೇ ಹೂ ಬಿಟ್ಟಿತ್ತು. ಹೂ ಬಿಟ್ಟ ಬಿದಿರು ಅಕ್ಕಿ ಉದುರಿಸಿ ಸಾಯುತ್ತದೆ. ಬರಗಾಲ ಬಂತೆಂದು ಮುದುಕರು ಹೇಳಿದರು. ಉಳಿದವರು ಗೋಣಿ ಹಿಡಿದು ಬಿದಿರಕ್ಕಿ ಗುಡಿಸಲು ಹೋದರು. ಇದನ್ನು ಮೇಲಿನಿಂದ ನೋಡಬೇಕೆಂದು ಯಾವುದೋ ಶೀತದೇಶದ ಸಸ್ಯಶಾಸ್ತ್ರದ ಪಂಡಿತನೊಬ್ಬ ದೊಡ್ಡ ಬಲೂನು ತಂದಿದ್ದ. ಊರವರಿಗೆ ಅವನು 'ದೊರೆ'. ಅವನ ಇಂಗ್ಲಿಷನ್ನು ಆಳುಗಳಿಗೆ ತಿಳಿಸಿ ಹೇಳಲು, ಗುಡ್ಡಗಳ ಹೆಸರು ಹೇಳಲು ಒಬ್ಬರು ಬೇಕಿತ್ತು. ಬಿ.ಎ. ಓದಿ ಶಾಲೆಯಲ್ಲಿ ಕಲಿಸುತ್ತಿದ್ದ ವಸುಮತಿಯನ್ನು ಕೇಳಿದರು. ಬೇಡವೆನ್ನಬೇಕೆಂದು ಬಾಯಿ ತೆರೆದವಳು ಆಗಬಹುದು ಅಂದಿದ್ದಳು. ಯಾಕೆಂದು ಅವಳಿಗೇ ಗೊತ್ತಾಗಲಿಲ್ಲ.

ಕೊಯ್ಲು ಮುಗಿದ ಗದ್ದೆಯಲ್ಲಿ ಬಲೂನು ಆಗಲೇ ಎದ್ದು ನಿಂತಿತ್ತು. ಬುಟ್ಟಿಯ ಮೇಲಿದ್ದ ಗ್ಯಾಸಿನ ಒಲೆ ಭುಸ್ಸೆಂದಾಗಲೆಲ್ಲ ಗದ್ದೆಯ ಬದಿಯ ದನಗಳು ಓಡುತ್ತಿದ್ದವು. ಆಳುಗಳು ಹಗ್ಗ ಹಿಡಿದು ಸ್ವಲ್ಪ ಸ್ವಲ್ಪವೇ ಬಿಡಬೇಕು, ಬಿದಿರಿನ ತಲೆಯಿಂದ ಮೇಲೆ ಹೋದಮೇಲೆ ನಿಲ್ಲಿಸಬೇಕು. ಹಗ್ಗದ ತುದಿಯನ್ನು ಜೀಪಿಗೆ ಕಟ್ಟಿ ಎಂದು ದೊರೆ ಹೇಳಿದ್ದನ್ನು ಅವಳು ಎರಡೆರಡು ಸಲ ಹೇಳಿದಳು.

"ಇಷ್ಟು ಜನ ಇರುವಾಗ ಜೀಪು ಯಾಕೆ ಟೀಚರಮ್ಮಾ?" ಎಂದ ಆಳು ಡೊಂಬಯ್ಯ. "ನೀವು ಮೇಲೆ ಹೋದವರು ಹಾಗೇ ಸ್ವರ್ಗಕ್ಕೆ ಹೋಗ್ಬೇಡಿ. ನಾಳೆ ಮಕ್ಕಳಿಗೆ ಪರೀಕ್ಷೆ ಉಂಟು."

"ಮಕ್ಕಳನ್ನು ಕೇಳು ಮಾರಾಯ, ಹೋಗ್ಲಿ ಅಂತಾರೆ," ಎಂದ ಪಕ್ಕದಲ್ಲಿ ಹಗ್ಗ ಹಿಡಿದಿದ್ದ ತೀರ್ಥರಾಮ.

ನಗುವಿನ ನಡುವೆಯೇ ನೆಲ ಕೆಳಗೆ ಸರಿಯಿತು. ತಾನು ಏರುತ್ತಿದ್ದೇನೆಂದು ಅವಳಿಗೆ ಅನಿಸಲಿಲ್ಲ. ಊರೇ ತನ್ನನ್ನು ಬಿಟ್ಟು ಇಳಿಯುತ್ತಿದೆ ಅನಿಸಿತು. ನೀರಿನ ತೋಡು, ತೆಂಗಿನ ತಲೆಗಳು, ಶಾಲೆಯ ಹಂಚು. ಮನೆ ಯಾವುದೆಂದು ಹುಡುಕುತ್ತಿರುವಾಗ ಗದ್ದೆಯ ಮೇಲೆ ಒಂದು ಗರುಡ ಬಂತು. ಕೊರಳು ಬಿಳಿ, ಮೈ ಕಾವಿಯ ಬಣ್ಣ. ಬಲೂನಿಗೆ ಒಂದು ಸುತ್ತು ಬಂದು ಅಲ್ಲೇ ತೇಲಿತು.

ಕೆಳಗೆ ಯಾರೋ "ಗರುಡ!" ಎಂದರು. ಎಲ್ಲರೂ ತಲೆ ಎತ್ತಿದರು. ಎಲ್ಲರೂ ಕೈ ಮುಗಿದರು.

ಜೀಪಿಗೆ ಕಟ್ಟಿರದ ಹಗ್ಗ ಹಾವಿನಂತೆ ಗದ್ದೆ ದಾಟಿ, ಬೇಲಿ ದಾಟಿ ಮೇಲೆದ್ದಿತು. ಡೊಂಬಯ್ಯ ಅದರ ಹಿಂದೆ ಓಡಿದ, ಎಗರಿದ, ಬಿದ್ದ. ದೊರೆ ತನ್ನ ಭಾಷೆಯಲ್ಲಿ ಏನೋ ಕೂಗಿದ. ಅದನ್ನು ಯಾರಿಗೆ ತಿಳಿಸಿ ಹೇಳುವುದು?

ತೆಂಕಣದ ಗಾಳಿ ಅವರನ್ನು ಬಿದಿರಿನ ಮೇಲೆ ಒಯ್ದಿತು. ಕೆಳಗಿನಿಂದ ಕಂಡಾಗ ಅದು ಬರೀ ಸತ್ತ ಮುಳ್ಳಿನ ಮೆಳೆ. ಮೇಲಿನಿಂದ, ಗುಡ್ಡದಿಂದ ಗುಡ್ಡಕ್ಕೆ, ಹಣ್ಣಾದ ಭತ್ತದ ಗದ್ದೆ. ಗದ್ದೆ ಬೇರೆ ಮಾಡುವ ಒಂದು ಹುಣಿ ಇಲ್ಲ, ಒಂದು ದಾರಿ ಇಲ್ಲ. ಊರಿನಲ್ಲಿ ಮೇಲೆ ಕೆಳಗೆ ಎನ್ನುವುದು ನೀರು ಹರಿಯುವುದನ್ನು ನೋಡಿ. ಇಲ್ಲಿ ನೀರೇ ಕಾಣಿಸಲಿಲ್ಲ. "ಇದು ಯಾವ ಗುಡ್ಡ?" ಎಂದು ದೊರೆ ಕೇಳಿದ. ಹುಟ್ಟಿದಂದಿನಿಂದ ನೋಡಿದ ಗುಡ್ಡದ ಹೆಸರು ಅವಳಿಗೆ ಬರಲಿಲ್ಲ.

ಬಲೂನು ತಣಿದು ತಗ್ಗಿತು. ಬುಟ್ಟಿ ಬಿದಿರಿನ ತುದಿಗೆ ಉಜ್ಜಿ, ಅಕ್ಕಿ ಸುರ್ರೆಂದು ಒಳಗೆ ಸುರಿಯಿತು. ಅಷ್ಟರಲ್ಲಿ ಮೆಳೆಯ ನಡುವೆ ಬಾವಿಯಂತೆ ಒಂದು ಖಾಲಿ ಜಾಗ ತೆರೆಯಿತು. ಹುಲ್ಲಿನ ಗುಡಿಸಲು, ಮರಗೆಣಸಿನ ಸಾಲು, ಚಾಪೆಯ ಮೇಲೆ ಹರಡಿದ ಬಿದಿರಕ್ಕಿ. ಅದನ್ನು ಬೆರಳಿನಿಂದ ಕೆದಕುತ್ತ ಒಬ್ಬ ಗಂಡಸು ಬಗ್ಗಿ ಕುಳಿತಿದ್ದ. ಸಣ್ಣಗೆ ಕತ್ತರಿಸಿದ ಕೂದಲು. ನೆತ್ತಿಯಲ್ಲಿ ಎರಡು ಸುಳಿ.

ಚಿಕ್ಕಂದಿನಲ್ಲಿ ಅಣ್ಣನ ತಲೆಗೆ ಎಣ್ಣೆ ಹಚ್ಚುವಾಗ ಅಜ್ಜಿ ಹೇಳುತ್ತಿದ್ದುದು: "ಎರಡು ಸುಳಿ! ಈ ಪೋಕ್ರಿಗೆ ಎರಡು ಮದುವೆ." ವಸುಮತಿ ಅಟ್ಟದ ಮೆಟ್ಟಿಲಲ್ಲಿ ಕುಳಿತು ಮೇಲಿನಿಂದ ಆ ಸುಳಿಗಳನ್ನು ನೋಡಿ ನಗುತ್ತಿದ್ದಳು.

ಒಲೆ ಭುಸ್ಸೆಂದಿತು. ಗಂಡಸು ತಲೆ ಎತ್ತಿದ. ಬಿಸಿಲು ಕಣ್ಣಿಗೆ ಬಿದ್ದು ಮುಖ ಕಿವುಚಿತು. ಗಡ್ಡ. ಅಣ್ಣನಿಗೆ ಗಡ್ಡ ಇರಲಿಲ್ಲ. ಗುಡಿಸಲಿನಿಂದ ಬಿಳಿ ರವಿಕೆ, ಬಿಳಿ ಮುಂಡಿನ ಹೆಂಗಸೊಬ್ಬಳು, ಕಡಬದ ಸಂತೆಗೆ ಬರುವ ಕೇರಳದ ಕ್ರಿಸ್ತಿಯಾನರಂತೆ ಉಟ್ಟವಳು, ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ಹೊರಬಂದು ಮಲಯಾಳದಲ್ಲಿ ಏನೋ ಕೂಗಿದಳು. ಅವನು ಅತ್ತ ತಿರುಗದೆ ವಸುಮತಿಯತ್ತಲೇ ನೋಡುತ್ತ ನಿಧಾನವಾಗಿ ಎರಡೂ ಕೈ ಎತ್ತಿ ಮುಗಿದ.

ಅವಳು ತಟ್ಟನೆ ತಲೆ ಎತ್ತಿ ಆಕಾಶ ನೋಡಿದಳು. ಗರುಡ ಇನ್ನೂ ಉಂಟೇ? ಬಲೂನಿನ ಬಟ್ಟೆ ಅಡ್ಡ ಇತ್ತು, ಏನೂ ಕಾಣಿಸಲಿಲ್ಲ. ಮತ್ತೆ ಕೆಳಗೆ ನೋಡುವಷ್ಟರಲ್ಲಿ ಬಿದಿರು ಮುಚ್ಚಿಕೊಂಡಿತ್ತು.

"ಪರಿಚಯದವರೇ?" ಎಂದ ದೊರೆ.

"ಗೊತ್ತಿಲ್ಲ," ಎಂದಳು. ಅದು ಸುಳ್ಳೋ ನಿಜವೋ ಎಂದು ತೂಗಿ ನೋಡಿದಳು; ತಕ್ಕಡಿ ನಿಲ್ಲಲಿಲ್ಲ.

ಕುಮಾರಧಾರೆ ಹೊಳೆಯ ಮರಳಿನಲ್ಲಿ ಬುಟ್ಟಿ ಮಗುಚಿ ನಿಂತಿತು. ಜೀಪು ಬರುವಾಗ ಮಧ್ಯಾಹ್ನ ಕಳೆದಿತ್ತು. ಡೊಂಬಯ್ಯನ ಎರಡೂ ಮೊಣಕಾಲು ತರಚಿತ್ತು.

"ಬೈಬೇಡಿ ಟೀಚರಮ್ಮಾ. ಗರುಡ ಬಂದಾಗ ಎಂತ ಮಾಡುದು? ದೇವರಿಗೆ ಒಂದು ಕೈ ಮುಗಿಯುದಾ?"

"ಕೈ ಮುಗಿದದ್ದು ಗರುಡನಿಗೇ ಅಲ್ವಾ ಡೊಂಬಯ್ಯ?"

ಅವನು ಅವಳನ್ನು ವಿಚಿತ್ರವಾಗಿ ನೋಡಿದ. "ಮತ್ತೆ ದೊರೆಗಾ?"

ಮನೆಯಲ್ಲಿ ಅತ್ತಿಗೆ ಅವಳನ್ನು ಜಗಲಿಯಲ್ಲಿ ಕೂರಿಸಿ ತಲೆಯಿಂದ ಬಿದಿರಕ್ಕಿ ಹೆಕ್ಕಿದಳು. ಒಂದೊಂದನ್ನೂ ಅಂಗೈಯಲ್ಲಿ ಇಟ್ಟುಕೊಂಡಳು.

"ಹೇಳು. ಎಂತ ಕಂಡಿತು?"

"ಬಿದಿರು. ಹಣ್ಣಾದ ಗದ್ದೆಯ ಹಾಗೆ."

"ಮತ್ತೆ?"

ಹೇಳಿದರೆ ನಾಳೆಯೇ ಮಾವ ಆಳುಗಳನ್ನು ಕಟ್ಟಿಕೊಂಡು ಕಾಡಿಗೆ ಹೋಗುತ್ತಾರೆ. ಯಾವ ಗುಡ್ಡವೆಂದು ಹೇಳಲಾರಳು. ಅವನಲ್ಲದಿದ್ದರೆ, ಅತ್ತಿಗೆಗೆ ಇನ್ನೂ ಹನ್ನೆರಡು ವರ್ಷ ಅಗುಳಿ. ಅವನೇ ಆಗಿದ್ದರೆ, ಆ ಮಗು. ಹೇಳದಿದ್ದರೆ ಬರುವ ತಿಂಗಳು, ಬದುಕಿರುವವನಿಗೆ ಬೆಂಕಿ. ಆ ಮುಗಿದ ಕೈಗಳು ಏನನ್ನು ಬೇಡಿದವು? ಬೇಡಿದ್ದಾದರೂ ಹೌದೇ?

"ಜನ ಯಾರಾದ್ರೂ?" ಅತ್ತಿಗೆಯ ಬೆರಳು ಅವಳ ಕೂದಲಲ್ಲಿ ನಿಂತಿತ್ತು.

"ಮೇಲಿಂದ ಜನ ಗೊತ್ತಾಗುದಿಲ್ಲ ಅತ್ತಿಗೆ. ಬರೀ ತಲೆ ಕಾಣುದು."

ಅತ್ತಿಗೆಯ ಬೆರಳು ಮತ್ತೆ ಹೆಕ್ಕತೊಡಗಿತು. "ತಲೆ ಕಂಡು ಎಂತ ಪ್ರಯೋಜನ," ಎಂದು ನಕ್ಕಳು. "ಮುಖ ಕಾಣ್ಬೇಕು."

ಅತ್ತಿಗೆಗೂ ಇಲ್ಲ, ಅಮ್ಮನಿಗೂ ಇಲ್ಲ, ಮಾವನಿಗೂ ಇಲ್ಲ; ಇದು ತನ್ನ ಹತ್ತಿರವೇ ಇರಲಿ ಎಂದುಕೊಂಡಳು ವಸುಮತಿ. ದೀಪ ಹಚ್ಚುವ ಹೊತ್ತಿಗೆ ಅತ್ತಿಗೆ ಕೊಟ್ಟಿಗೆಗೆ ಹೋದಾಗ, ದೀಪದ ಎಣ್ಣೆಯ ಗಿಂಡಿ ಹಿಡಿದು ಹೊರಬಾಗಿಲಿಗೆ ಬಂದಳು. ಬೆರಳ ತುದಿಯಲ್ಲಿ ಎಣ್ಣೆ ಅದ್ದಿ ಅಗುಳಿ ಸರಿಯುವ ಸಂದಿಗೆ ಸವರಿದಳು. ಒಮ್ಮೆ ಹಾಕಿ ತೆಗೆದಳು. ಸದ್ದು ಬಂತು. ಇಂದು ರಾತ್ರಿ ಅದು ಕೇಳಿಸಬಾರದೆಂದು ಇನ್ನೊಂದಿಷ್ಟು ಸವರಿದಳು.