ತಣ್ಣಗಿರುವಾಗಲೇ ಕೇಳಬೇಕು

ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಅವಳು ಗಂಡನ ಹೆಬ್ಬೆರಳನ್ನು ತಿಕ್ಕುತ್ತಲೇ ಇದ್ದಳು. ಉಳಿದ ಬೆರಳುಗಳು ಒಂದು ಮಟ್ಟಕ್ಕೆ ಬಂದಿದ್ದವು. ಈ ಉಗುರಿನ ಸಂದಿಯ ಮಸಿ ಮಾತ್ರ ಜಪ್ಪಯ್ಯ ಅಂದರೂ ಹೋಗುತ್ತಿರಲಿಲ್ಲ. ಹೊರಗೆ ಶವದ ವ್ಯಾನು ಬಂದು ನಿಂತಿತ್ತು.

"ಬಿಡಿ ಅತ್ತಿಗೆ. ಅಲ್ಲಿ ಉಗುರು ಯಾರು ನೋಡ್ತಾರೆ," ಎಂದ ಮೈದುನ.

"ಮದುವೆ ದಿನಾನೂ ಇದೇ ಕೈಯಲ್ಲೇ ಬಂದಿದ್ರು ನಿಮ್ಮಣ್ಣ. ಇವತ್ತಾದ್ರೂ ನೆಟ್ಟಗೆ ಹೋಗ್ಲಿ."

ಯಾರೋ ನಗಲು ಹೋಗಿ ಕೆಮ್ಮಿದರು. ಅವಳು ನಿದ್ದೆಗೆಟ್ಟು ಸೋತುಹೋಗಿದ್ದಳು. ಅಳು ಬರುತ್ತಿತ್ತು, ಅಳುವಷ್ಟು ಕಸುವು ಮೈಯಲ್ಲಿರಲಿಲ್ಲ. ಬಟ್ಟೆ ಮಡಿಸಿ ಮತ್ತೆ ಎಣ್ಣೆಗೆ ಅದ್ದಿದಳು.

ಗೋಡೆಗೊರಗಿ ನಿಂತ ಗಂಡಸರು ಸತ್ತವನ ಗುಣಗಾನ ಶುರುಮಾಡಿದ್ದರು. ಊರೆಲ್ಲ ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿತ್ತು. ಇಂಜಿನ್ನಿನ ಯಾವ ಮೂಲೆಯಲ್ಲಿ ಹೊಗೆ ಸೋರಿದರೂ ರಬ್ಬರ್ ಪೈಪೊಂದನ್ನು ಕಿವಿಗಿಟ್ಟುಕೊಂಡು ಹಿಡಿದುಬಿಡುವ ಮೆಕ್ಯಾನಿಕ್ ಎಂಬುದು ಅವನ ಖ್ಯಾತಿ.

"ಅಂಥಾ ಕಿವಿ ಇನ್ನು ಹುಟ್ಟಲ್ಲ ಬಿಡಿ," ಎಂದ ಪಕ್ಕದ ಟೈರ್ ಅಂಗಡಿಯವ. "ನಾನು ರಸ್ತೆಯಿಂದ ಗಂಟಲು ಹರ್ಕೊಂಡ್ರೂ ತಿರುಗಿ ನೋಡ್ತಿರಲಿಲ್ಲ ಪುಣ್ಯಾತ್ಮ. ಕೆಲಸದಲ್ಲಿ ಮುಳುಗಿಬಿಟ್ರೆ ಲೋಕಾನೇ ಬೇಕಿರಲಿಲ್ಲ."

ಅವಳು ತಲೆ ಎತ್ತಲಿಲ್ಲ. ಬಾಗಿಲಲ್ಲಿ ಉದ್ದಣ್ಣ ನಿಂತಿದ್ದ. ಶೆಡ್ಡಿನಲ್ಲಿ ಗಂಡನ ಜೊತೆಯಲ್ಲೇ ತಲೆ ನರೆಸಿಕೊಂಡ ಫಿಟ್ಟರ್ ಅವನು. ಅವನಿಂದ ಮಾತು ಹೊರಡಿಸುವುದೆಂದರೆ ತುಕ್ಕು ಹಿಡಿದ ನಟ್ಟು ಬಿಚ್ಚಿದಷ್ಟೇ ಕಷ್ಟ.

ಅಷ್ಟರಲ್ಲಿ ನರ್ಸಮ್ಮ ಏದುಸಿರು ಬಿಡುತ್ತ ನಡೆದುಕೊಂಡು ಬಂದಳು. ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡುವವಳು. ಅವಳ ಟರ್ಬೊ ಕಾರು ಹಿತ್ತಲಿನ ಶೆಡ್ಡಿನಲ್ಲಿ ಬಾನೆಟ್ ತೆರೆದುಕೊಂಡು ನಿಂತಿತ್ತು. ಇಂಜಿನ್ನಿನ ಹೊಗೆಯನ್ನು, ಗಾಳಿ ಊದುವ ಟರ್ಬೊಗೆ ಸಾಗಿಸುವ ಎರಕದ ಮ್ಯಾನಿಫೋಲ್ಡ್ ಸೋರಿ ಸೋರಿ ಒಳಗೆ ಕೂತವರಿಗೆ ತಲೆನೋವು. ಸಂದು ಮುಚ್ಚುವ ಗ್ಯಾಸ್ಕೆಟ್ ಬದಲಿಸಿದಾಗಲೆಲ್ಲ ಸೋರಿಕೆ ಕೆಲವು ದಿನ ನಿಂತು, ಹೇಳದೆ ಕೇಳದೆ ವಾಪಸ್ ಬರುತ್ತಿತ್ತು.

"ನಿಮ್ಮ ಗಾಡೀನ ಬೇರೆ ಕಡೆ ಎಳೆಸಿಕೊಂಡು ಹೋಗಿಬಿಡಿ ನರ್ಸಮ್ಮ," ಎಂದ ಮೈದುನ. "ಕೇಳೋ ಕಿವೀನೇ ಹೋಯ್ತಲ್ಲ."

"ಬೇಡ," ಎಂದಳು ಅವಳು, ಗಂಡನ ಕೈ ಬಿಡದೆ. "ಮಾಡಿಕೊಡ್ತೀನಿ ಅಂತ ಅವರು ಮಾತು ಕೊಟ್ಟಿದ್ರು. ನಾಳೆ ಬಂದು ತಗೊಂಡು ಹೋಗಿ."

"ಸೋರ್ತಾ ಇಲ್ಲ ಅಂತ ಕೇಳಿ ಹೇಳೋರು ಯಾರು ಅತ್ತಿಗೆ?"

ನಾಲಿಗೆ ತುದಿಗೆ ಬಂದ ಉತ್ತರವನ್ನು ಅವಳು ನುಂಗಿಕೊಂಡಳು. ಹೇಳಿದರೆ ಗಂಡನ ಹೆಸರು ಅವನಿಗಿಂತ ಮೊದಲೇ ಬೂದಿಯಾಗುತ್ತಿತ್ತು. ಹೇಳದಿದ್ದರೆ ಅವನ ಕೊನೆಯ ಕೆಲಸ ಸೋರುತ್ತಲೇ ಇನ್ನೊಬ್ಬನ ಶೆಡ್ಡಿಗೆ ಹೋಗುತ್ತಿತ್ತು. ಮತ್ತೆ ಹೆಬ್ಬೆರಳು ತಿಕ್ಕಿದಳು.

* * *

ಅವನ ಕಿವಿ ಹೋಗಿ ವರ್ಷಗಳೇ ಆಗಿದ್ದವು. ಸುತ್ತಿಗೆ, ಗ್ರೈಂಡರುಗಳ ಗದ್ದಲ ಸ್ವಲ್ಪಸ್ವಲ್ಪವಾಗಿ ತಿಂದುಹಾಕಿತ್ತು. ದೊಡ್ಡ ಸದ್ದು ಕೇಳುತ್ತಿತ್ತು. ಹೊಗೆ ಸೋರುವ ಸಣ್ಣ ಟಿಕ್ ಟಿಕ್ ಕೇಳುತ್ತಿರಲಿಲ್ಲ. ಆ ಸದ್ದಾದರೂ ಇಂಜಿನ್ ತಣ್ಣಗಿದ್ದಾಗ ಮಾತ್ರ. ಕಾದರೆ ಕಬ್ಬಿಣ ಹಿಗ್ಗಿ ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ, ರೋಗವೇ ಇಲ್ಲವೆನ್ನುವಂತೆ ಇಂಜಿನ್ ಸುಮ್ಮನಾಗುತ್ತದೆ. ಅದಕ್ಕೇ ಬೆಳಗ್ಗೆ, ಉದ್ದಣ್ಣ ಬರುವ ಮುಂಚೆ, ಅಡುಗೆಮನೆಯ ಕಿಟಕಿಯಲ್ಲಿ ಅವನ ಮುಖ ಕಾಣಿಸುತ್ತಿತ್ತು.

"ಇವಳೇ, ಒಂದ್ನಿಮಿಷ ಬಾ."

ಅವಳು ಕೈ ಒರೆಸಿಕೊಂಡು ಹೋಗಿ ಪೈಪಿನ ತುದಿಯನ್ನು ಕಿವಿಗಿಟ್ಟುಕೊಳ್ಳುವಳು. ಅವನು ಕೀಲಿ ತಿರುಗಿಸಿ ಬಂದು, ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡಿನ ಉದ್ದಕ್ಕೂ ಸರಿಸುತ್ತ, ಎಡಗೈಯನ್ನು ಅವಳತ್ತ ಚಾಚುವನು. ಕೇಳಿದ ಸದ್ದನ್ನು ಅವಳು ಅವನ ಮಣಿಕಟ್ಟಿನ ಮೇಲೆ ತೋರುಬೆರಳಿನಿಂದ ಬಡಿಯಬೇಕು. ಸದ್ದು ಜೋರಾದಲ್ಲಿ ಜೋರಾಗಿ. ಇಲ್ಲದಲ್ಲಿ ಬೆರಳು ಎತ್ತಿಬಿಡಬೇಕು.

"ಯಾರ ಮುಂದೂ ಬಾಯಿ ಬಿಡಬೇಡ್ವೇ," ಎಂದಿದ್ದ. "ಕಿವುಡನ ಹತ್ರ ಗಾಡಿ ಯಾರು ಬಿಡ್ತಾರೆ?"

"ಬಿಟ್ರೂ ನಿಮಗೆ ಕೇಳ್ಸಲ್ವಲ್ಲ."

ಅವಳ ತುಟಿ ನೋಡಿ ಅರ್ಥಮಾಡಿಕೊಂಡು ಅವನು ಹೊಟ್ಟೆ ಹಿಡಿದು ನಕ್ಕಿದ್ದ.

ನರ್ಸಮ್ಮನ ಕಾರಿನ ವಿಷಯದಲ್ಲಿ ಮಾತ್ರ ಎಡವಟ್ಟಾಗಿತ್ತು. ಗ್ಯಾಸ್ಕೆಟ್ ಬದಲಿಸಿ ಕೇಳಿಸಬೇಕಾದ ದಿನ ಹೆಂಡತಿಗೆ ಜ್ವರ. ಅವನು ಕರೆದು ಎಷ್ಟೋ ಹೊತ್ತಿನ ಮೇಲೆ ಎದ್ದುಹೋದಳು. ಅಷ್ಟರಲ್ಲಿ ಅವನು ಚಾಲೂ ಮಾಡಿಟ್ಟಿದ್ದ ಇಂಜಿನ್ ಕಾದಿತ್ತು, ಪೈಪಿನಲ್ಲಿ ಸದ್ದಿರಲಿಲ್ಲ. ಬಿಸಿಯಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಅದು ಆರುವ ತನಕ ಕಾಯಲು ಸಾಕುಸಾಕಾಗಿತ್ತು. ಬೆರಳು ಎತ್ತಿ ಹೋಗಿ ಮಲಗಿಬಿಟ್ಟಳು.

ಕಾರು ವಾರದೊಳಗೆ ಮರಳಿತು. ಅವನು ಅವಳನ್ನು ಒಂದು ಮಾತೂ ಅನ್ನಲಿಲ್ಲ. ಕಾರಿನಡಿ ಮಲಗಿ ನೋಡಿ ನೋಡಿ, ಬೆನ್ನು ಹಿಡಿದುಕೊಂಡು ಎದ್ದು ಬಂದ.

"ಗ್ಯಾಸ್ಕೆಟ್ದೇನೂ ತಪ್ಪಿಲ್ಲ ಕಣೇ. ಟರ್ಬೊ ಭಾರ ಹೊರೋ ಪಟ್ಟಿ ಕೆಳಗಡೆ ಇಲ್ವೇ ಇಲ್ಲ. ಹಿಂದೆ ಯಾರೋ ಬಿಚ್ಚಿದವರು ಮತ್ತೆ ಹಾಕೇ ಇಲ್ಲ. ಅಷ್ಟು ಭಾರ ಜೋತುಬಿದ್ರೆ ಯಾವ ಗ್ಯಾಸ್ಕೆಟ್ ತಾಳುತ್ತೆ?"

ದಪ್ಪ ಕಬ್ಬಿಣದ ಪಟ್ಟಿಯನ್ನು ಕೊಯ್ದು, ಬಗ್ಗಿಸಿ, ತೂತು ಕೊರೆದು ಬೆಂಚಿನ ಮೇಲಿಟ್ಟ. ನಾಳೆ ಹಾಕೋಣ ಎಂದ. ಮರುದಿನ ಬೆಳಗ್ಗೆ ಕಿಟಕಿಯಲ್ಲಿ ಮುಖ ಕಾಣಿಸಲಿಲ್ಲ. ಹಾಸಿಗೆಯಲ್ಲೇ ಎಲ್ಲ ಮುಗಿದಿತ್ತು.

* * *

ಸ್ಮಶಾನದಲ್ಲಿ, ಕೊನೆಯ ಸಲ ನೋಡಿಕೊಳ್ಳಿ ಎಂದರು. ಅವಳು ಅವನ ಎಡ ಮಣಿಕಟ್ಟು ಹಿಡಿದಳು. ತಣ್ಣಗಿತ್ತು. ಅವಳ ತೋರುಬೆರಳು ತನ್ನಷ್ಟಕ್ಕೆ ಅದರ ಮೇಲೆ ಬಡಿಯತೊಡಗಿತು.

"ಪಾಪ, ನಾಡಿ ನೋಡ್ತಿದಾಳೆ," ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಮೈದುನ ಮೆಲ್ಲನೆ ಅವಳ ಕೈ ಬಿಡಿಸಿದ. ಉದ್ದಣ್ಣ ಆ ಬೆರಳನ್ನೇ ನೋಡುತ್ತ ನಿಂತಿದ್ದ.

ಸಂಜೆ ಬಂದವರೆಲ್ಲ ಹೊರಟರು. ಮೈದುನ ಕೂತಲ್ಲೇ ನಿದ್ದೆಹೋದ. ಶೆಡ್ಡಿನ ಕಡೆಯಿಂದ ಸ್ಪ್ಯಾನರ್ ಸದ್ದು ಕೇಳಿ ಅವಳು ಎದ್ದುಹೋದಳು. ಬೆಂಚಿನ ಮೇಲೆ ಪಟ್ಟಿ ಇರಲಿಲ್ಲ. ಕಾರಿನಡಿಯಿಂದ ಎರಡು ಉದ್ದನೆಯ ಕಾಲುಗಳು ಚಾಚಿಕೊಂಡಿದ್ದವು.

"ಹಾಕಿದ್ಯಾ?"

"ಪಟ್ಟಿ, ಹೊಸ ಗ್ಯಾಸ್ಕೆಟ್, ಎರಡೂ." ಉದ್ದಣ್ಣ ತೆವಳಿಕೊಂಡು ಹೊರಬಂದ. "ಅಣ್ಣ ಕೊರೆದ ತೂತು ಒಂದು ಕೂದಲಿನಷ್ಟೂ ತಪ್ಪಿಲ್ಲ ಅಕ್ಕ."

ಅವನು ಮೊಳೆಗೆ ನೇತುಹಾಕಿದ್ದ ಪೈಪನ್ನು ತೆಗೆದುಕೊಂಡ. ತನ್ನ ಕಿವಿಗಿಟ್ಟುಕೊಳ್ಳುತ್ತಾನೆಂದು ಅವಳು ಕಾದಳು. ಅವನು ತುದಿಯನ್ನು ಅಂಗಿಯ ಅಂಚಿನಿಂದ ಒರೆಸಿ ಅವಳ ಮುಂದೆ ಹಿಡಿದ.

"ಇಂಜಿನ್ ತಣ್ಣಗಿದೆ. ಈಗಲೇ ಕೇಳಬೇಕು."

"ನಿಂಗೆ ಯಾವಾಗಿಂದ ಗೊತ್ತು?"

"ಮೊದಲಿಂದ್ಲೂ. ನೀವು ಕೇಳಿ ಒಳಗೆ ಹೋಗೋ ತನಕ ರಸ್ತೆ ತಿರುವಲ್ಲಿ ನಿಂತಿರ್ತಿದ್ದೆ." ಅವನು ನೆಲ ನೋಡಿದ. "ದಿನಾ ತಡವಾಗಿ ಬರ್ತೀಯ ಅಂತ ಅಣ್ಣ ಬೈಯೋರು."

ಅವಳು ಪೈಪು ತೆಗೆದುಕೊಂಡಳು. ಉದ್ದಣ್ಣ ಕೀಲಿ ತಿರುಗಿಸಿ ಬಂದು ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡಿನ ಉದ್ದಕ್ಕೂ ಸರಿಸತೊಡಗಿದ. ಅವಳು ಕಣ್ಣು ಮುಚ್ಚಿದಳು. ಪಕ್ಕಕ್ಕೆ ಚಾಚಿದ ಕೈಗೆ ಮಣಿಕಟ್ಟು ಸಿಗಲಿಲ್ಲ. ಕೈ ಕಾರಿನ ತಣ್ಣನೆಯ ತಗಡಿನ ಮೇಲೆ ಊರಿಕೊಂಡಿತು. ತೋರುಬೆರಳು ಮೇಲೆದ್ದು ಕಾಯಿತು. ಪೈಪು ಆ ಕೊನೆ ಮುಟ್ಟಿ, ನಿಧಾನವಾಗಿ ಈ ಕೊನೆಗೆ ಬಂತು. ಬೆರಳು ಎತ್ತಿದ್ದು ಎತ್ತಿದಂತೆಯೇ ಇತ್ತು.