ಸೋತವರ ಮನೆಯ ಖಿಚಡಿ

ಅಮೆರಿಕದ ಫುಟ್‌ಬಾಲ್ ತಂಡವೊಂದು ಸೋತರೆ ಭೂಮಿಯ ಇನ್ನೊಂದು ತುದಿಯ ಫ್ಲ್ಯಾಟ್ ಬುಷ್ ಬಡಾವಣೆಯಲ್ಲಿ ಒಲೆ ಉರಿಯಬಾರದೆಂದು ಯಾರೂ ಹೇಳಿಲ್ಲ. ಆದರೆ ಹಿಂದೊಮ್ಮೆ ಆ ತಂಡದ ಊರಿನಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದಿದ್ದ ಖುರ್ಷಿದ್, ಸೀಸನ್ನಿನ ಮೊದಲ ಪಂದ್ಯ ಸೋತ ಸೋಮವಾರ ಬೆಳಗ್ಗೆ, ಡಬ್ಬಾ ಟೀವಿ ಆರಿಸಿ ಬಂದು ಮೆಟ್ಟಿಲ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದನ್ನು ಪಕ್ಕದ ಮನೆಯ ಜಮೀಲಾ ಆಂಟಿ ನೋಡಿಬಿಟ್ಟರು. ಊರಲ್ಲಿ ಯಾರೋ ತೀರಿಕೊಂಡರೆಂದುಕೊಂಡು, ಸಾವಿನ ಮನೆಗೆ ಒಯ್ಯುವಂತೆ ಖಿಚಡಿ, ಖೀಮಾ ಮಾಡಿ ತಂದರು. ಸತ್ತವರು ಯಾರೂ ಇಲ್ಲ, ಸೋತಿದ್ದು ಚೆಂಡಿನಾಟ ಎಂದು ತಿಳಿದ ಮೇಲೂ ಪಾತ್ರೆ ವಾಪಸು ಒಯ್ಯಲಿಲ್ಲ.

"ದುಃಖ ಅಂದ್ರೆ ದುಃಖಾನೇ ಕಣಪ್ಪ. ಇವತ್ತು ನಿಮ್ಮನೇಲಿ ಒಲೆ ಹಚ್ಚಬೇಡಿ."

ಆ ದರಿದ್ರ ತಂಡ ಒಂದು ಸೋಮವಾರವೂ ತಪ್ಪಿಸದೆ ಸೋತಿತು. ಖಿಚಡಿಯೂ ತಪ್ಪಲಿಲ್ಲ. ಖುರ್ಷಿದನ ಮಾನ ಕರಗಿತು, ಹೊಟ್ಟೆ ಬೆಳೆಯಿತು.

ಕೊನೆಯ ಪಂದ್ಯವನ್ನು ಅದು ಹೇಗೋ ಗೆದ್ದುಬಿಟ್ಟಿತು. ಖುರ್ಷಿದ್ ಕೇಕೆ ಹಾಕುತ್ತ ಬಾಗಿಲಿಗೆ ಓಡಿದ. ಆಚೆ ಜಮೀಲಾ ಆಂಟಿ ತಲೆತುಂಬ ದುಪಟ್ಟಾ ಹೊದ್ದು, ಬಿಸಿ ಪಾತ್ರೆ ಹಿಡಿದು ಗೇಟು ತೆರೆಯುತ್ತಿದ್ದರು. ಆಟದ ತಲೆಬುಡ ತಿಳಿಯದ ಹೆಂಡತಿ ಉಮೈರಾ ಹಿಂದಿನಿಂದ ಅವನ ಕಾಲರ್ ಹಿಡಿದೆಳೆದಳು.

"ಸ್ವಲ್ಪ ಮುಖ ಇಳಿಸ್ರಿ," ಎಂದಳು ಮೆಲ್ಲಗೆ. "ಒಲೆ ಹಚ್ಚಿಲ್ಲ ನಾನು."