ಕಂದು ಬಣ್ಣ ಹಚ್ಚದ ಸ್ಲೈಡುಗಳು

ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಜೀವಕೋಶ ಎಣಿಸುವುದೇ ಆ ಪ್ರಯೋಗಾಲಯದಲ್ಲಿ ಅವಳ ಹದಿನೇಳು ವರ್ಷದ ಕೆಲಸ. ಎಲ್ಲರೂ ಅವಳನ್ನು ಎಣಿಕೆಯಕ್ಕ ಎನ್ನುತ್ತಿದ್ದರು. ಪ್ರೊಫೆಸರರಿಗೆ ಎಣಿಸುವ ವ್ಯವಧಾನವೆಲ್ಲಿ? ಅವರದೇನಿದ್ದರೂ ಅವಳು ಕೊಟ್ಟ ಸಂಖ್ಯೆ ಹೊತ್ತುಕೊಂಡು ಸಮ್ಮೇಳನದಿಂದ ಸಮ್ಮೇಳನಕ್ಕೆ ಮೆರೆಯುವ ಕೆಲಸ.

ಈ ಸಲ ಮೆರೆಯಲು ಭರ್ಜರಿ ಕಾರಣವಿತ್ತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಗಡ್ಡೆಯೊಳಗೆ ರೋಗದೊಡನೆ ಕಾದಾಡುವ, ರಕ್ತದಲ್ಲಿ ತಿರುಗುವ ದೇಹದ ಕಾವಲು ಕಣಗಳು ಕಾಲಿಡುವುದೇ ಅಪರೂಪ. ಅವರ ಹೊಸ ಚುಚ್ಚುಮದ್ದು ಪಡೆದವರ ಗಡ್ಡೆಯ ತುಣುಕಿನಲ್ಲಾದರೋ, ಗುರುತಿಗೆಂದು ಹಚ್ಚಿದ ಕೆಂಪು ಬಣ್ಣ ಹಿಡಿದ ಆ ಕಣಗಳು ಕಿಕ್ಕಿರಿದಿದ್ದವು. ಎಣಿಕೆಯಕ್ಕ ಎಣಿಸಿ ಕೊಟ್ಟಳು, ಪ್ರೊಫೆಸರ್ ಕೇಕ್ ಕತ್ತರಿಸಿದರು. ಸೋಮವಾರದಿಂದ ಹನ್ನೆರಡು ಹೊಸ ರೋಗಿಗಳಿಗೆ ಆ ಮದ್ದು ಶುರು ಎಂದಾಯಿತು. ಪಟ್ಟಿಯಲ್ಲಿ ಅವಳ ಭಾವನೂ ಇದ್ದರು. ಹೊಸದು ಬೇಕೆಂದರೆ, ಅವರನ್ನು ಹೇಗೋ ಈವರೆಗೆ ಉಳಿಸಿಕೊಂಡು ಬಂದಿದ್ದ ಹಳೆಯ ಔಷಧಿ ಬಿಡಬೇಕಿತ್ತು.

"ನೀನೇ ಎಣ್ಸಿದ್ದಲ್ವೇನೆ? ಮತ್ಯಾಕೆ ಭಯ?" ಎಂದಳು ಭಾವನ ಹೆಂಡತಿ, ಅವಳ ಅಕ್ಕ.

ಆ ಮಾತು ಅವಳಿಗೆ ನುಂಗಲಾರದ ತುತ್ತಾಯಿತು. ರಕ್ತನಾಳದ ಗೋಡೆಗೆ ಕಂದು ಬಣ್ಣ ಹಚ್ಚಿದ ಮೇಲೇ ಎಣಿಸಬೇಕೆಂಬುದು ಪದ್ಧತಿ; ಕಣ ನಾಳದೊಳಗಿದೆಯೋ, ದಾಟಿ ಗಡ್ಡೆಗಿಳಿದಿದೆಯೋ ಎಂದು ತಿಳಿಯುವುದು ಆಗಲೇ. ಅದಕ್ಕೆ ಇನ್ನೊಂದು ದಿನ ಹಿಡಿಯುತ್ತದೆ. ಸಮ್ಮೇಳನವೋ ತಲೆಯ ಮೇಲೆ ಬಂದು ಕೂತಿತ್ತು. "ನಾವು ನೋಡ್ಬೇಕಾಗಿರೋದು ಗಡ್ಡೇನಾ, ನಾಳಾನಾ?" ಎಂದು ಪ್ರೊಫೆಸರ್ ಗದರಿದ್ದರು. ಅವಳೂ ಬಾಯಿ ಮುಚ್ಚಿಕೊಂಡು ಎಣಿಸಿದ್ದಳು.

ಗುರುವಾರ ಅವಳು ಯಾರನ್ನೂ ಕೇಳದೆ, ಉಳಿದಿದ್ದ ತುಣುಕುಗಳಿಗೆ ಕಂದು ಬಣ್ಣ ಹಚ್ಚಿಟ್ಟಳು. ಶುಕ್ರವಾರ ಮತ್ತೆ ಎಣಿಸಿದಳು. ನೂರಕ್ಕೆ ತೊಂಬತ್ತು ಕಣಗಳು ರಕ್ತನಾಳದ ಒಳಗೇ ಗೋಡೆಗೆ ಅಂಟಿಕೊಂಡು ನಿಂತಿದ್ದವು. ದಾಟಿ ಗಡ್ಡೆಗಿಳಿದವು ಬೆರಳೆಣಿಕೆಯಷ್ಟು. ಬಸ್ಸಿನ ಕಿಟಕಿಯಿಂದ ಊರು ನೋಡಿ ಹೋದವರನ್ನೆಲ್ಲ ಆ ಊರಿನ ನಿವಾಸಿಗಳೆಂದು ಅವಳು ಬರೆದುಕೊಟ್ಟಿದ್ದಳು.

ಪ್ರೊಫೆಸರ್ ಕಣ್ಣು ಹಚ್ಚಿ ಬಹಳ ಹೊತ್ತು ನೋಡಿದರು. ಹದಿನೇಳು ವರ್ಷದಲ್ಲಿ ಅವರು ಅಷ್ಟು ಹೊತ್ತು ಸ್ಲೈಡು ನೋಡಿದ್ದು ಅದೇ ಮೊದಲು.

"ಗಡ್ಡೆ ಹತ್ರಕ್ಕಂತೂ ಬಂದಿವೆಯಲ್ಲ!" ಎಂದರು ಗೆಲುವಾಗಿ. "ಪ್ರಬಂಧದಲ್ಲಿ 'ಗಡ್ಡೆಯ ಒಳಗೆ' ಅನ್ನೋದನ್ನ 'ವ್ಯಾಪ್ತಿಯಲ್ಲಿ' ಅಂತ ತಿದ್ದಿದ್ರೆ ಆಯ್ತು."

"ಮತ್ತೆ ಸೋಮವಾರ, ಸಾರ್?"

"ಅದ್ಯಾಕೆ ಬದಲಾಗುತ್ತೆ? ಉದ್ಘಾಟನೆಗೆ ಮಂತ್ರಿಗಳು ಬರ್ತೀನಿ ಅಂದುಬಿಟ್ಟಿದಾರೆ."

ಅವಳು ಸೀದಾ ವಾರ್ಡಿಗೆ ನಡೆದಳು. ಭಾವ ಹಾಸಿಗೆಯ ಮೇಲೆ ಒಪ್ಪಿಗೆ ಪತ್ರ ಹರಡಿಕೊಂಡು ಕನ್ನಡಕ ಹುಡುಕುತ್ತಿದ್ದರು. ಅವಳು ಕಾಗದ ಕಿತ್ತುಕೊಂಡು, ಒಂದೇ ಉಸಿರಿಗೆ ಎಲ್ಲ ಹೇಳಿ, "ತಪ್ಪು ನಂದು ಭಾವ. ಹಳೇ ಔಷಧಿ ಬಿಡ್ಬೇಡಿ," ಎಂದು ಅತ್ತುಬಿಟ್ಟಳು.

"ಸದ್ಯ, ಉಳಿಸಿದೆ ಕಣೆ!" ಎಂದು ಹಾಸಿಗೆ ಪಕ್ಕದಲ್ಲಿದ್ದ ಅಕ್ಕ ತಬ್ಬಿಕೊಂಡಳು.

ಭಾವನ ನೋಟ ಪಕ್ಕದ ಹಾಸಿಗೆಯತ್ತ ಹೋಗಿತ್ತು. ಅಲ್ಲೊಬ್ಬ ಮುದುಕ ಅದೇ ಕಾಗದಕ್ಕೆ ಸಹಿ ಹಾಕಿ, ನಾಲ್ಕು ಮಡಿಕೆ ಮಾಡಿ, ದಿಂಬಿನಡಿ ಜೋಪಾನ ಮಾಡುತ್ತಿದ್ದ.

"ನಂಗೇನೋ ನಾದಿನಿ ಇದಾಳೆ," ಎಂದರು ಭಾವ. "ಉಳಿದ ಹನ್ನೊಂದು ಜನಕ್ಕೆ?"

ಅವಳು ಕಣ್ಣೊರೆಸಿಕೊಂಡು, ಕುರ್ಚಿ ಎಳೆದುಕೊಂಡು ಮುದುಕನ ಪಕ್ಕ ಕೂತಳು.

"ಅಜ್ಜ, ಆ ಕಾಗದ ಸ್ವಲ್ಪ ಕೊಡ್ತೀರಾ? ಅದ್ರಲ್ಲಿರೋ ಎಣಿಕೆ ನಂದು."